ಸೆಲ್ವಿಯ ಹುಟ್ಟಿದ ದಿನ ಹುಡುಕಿಕೊಂಡು ಭದ್ರಾವತಿಗೆ

ಅರಸೀಕೆರೆಯಿಂದ ಶಿವಮೊಗ್ಗಕ್ಕೆ ಹೋಗುವವರಿಗೆ ನನ್ನ ಮೊದಲ ಸಲಹೆ: ಬಸ್ಸಿನ ಗೋಜಿಗೆ ಹೋಗಬೇಡಿ, ರೈಲು ಹಿಡಿಯಿರಿ. ಜನರಲ್ ಟಿಕೆಟ್ ತಲೆಗೆ ಅರವತ್ತೈದು ರೂಪಾಯಿ, ದೂರ ನೂರಹತ್ತು ಕಿಲೋಮೀಟರ್ ಹತ್ತಿರ. ಬೆಳಗಿನ ಗಾಡಿಯಾದರೆ ಎಡಗಡೆಯ ಕಿಟಕಿಗೆ ಕೂರಬೇಕು. ಬಲಗಡೆ ಕೂತವರ ಮುಖಕ್ಕೆ ಬೀರೂರಿನವರೆಗೂ ಬಿಸಿಲು ಹೊಡೆಯುತ್ತದೆ. ಫೆಬ್ರವರಿಯ ಒಂದು ಮಂಗಳವಾರ ನಾನೂ ಸೆಲ್ವಿಯೂ ಎಡಗಡೆಯ ಸೀಟನ್ನೇ ಹಿಡಿದು ಹೊರಟೆವು. ಚೀಲದಲ್ಲಿ ಎರಡು ದಿನದ ಬಟ್ಟೆ, ಡಬ್ಬಿಯಲ್ಲಿ ಚಪಾತಿ, ಸೆಲ್ವಿಯ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಆ ಫೈಲನ್ನು ಅವಳು ದಾರಿಯುದ್ದಕ್ಕೂ ಕೆಳಗಿಡಲಿಲ್ಲ.

ಸೆಲ್ವಿ ಯಾರು ಎಂದು ಹೇಳಿಬಿಡುತ್ತೇನೆ. ನಾನು ನೈಟಿ ಹೊಲಿಸಿ ಸಂತೆ ಸಂತೆಗೆ ಮಾರುವವಳು. ಒಂದು ಕಾಲುಮೆಷಿನ್ನಿನಿಂದ ಶುರು ಮಾಡಿ ಈಗ ಎಂಟು ಮೆಷಿನ್ ಇಟ್ಟಿದ್ದೇನೆ. ನನ್ನಲ್ಲಿ ಬಟ್ಟೆ ಕತ್ತರಿಸುವವಳು ಸೆಲ್ವಿ. ಅವಳ ಕೈಗೆ ಕತ್ತರಿ ಕೊಟ್ಟರೆ ಒಂದು ಥಾನಿನಲ್ಲಿ ಎರಡು ನೈಟಿ ಹೆಚ್ಚಿಗೆ ಬರುತ್ತವೆ. ಹತ್ತು ವರ್ಷದಿಂದ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದಾಳೆ. ಅವಳ ಅಪ್ಪ ಅಮ್ಮ ಶ್ರೀಲಂಕಾದ ಗಲಭೆಯಲ್ಲಿ ದೋಣಿ ಹತ್ತಿ ಬಂದವರು. ರಾಮೇಶ್ವರದ ಹತ್ತಿರದ ಶಿಬಿರದಲ್ಲಿ ಕೆಲವು ತಿಂಗಳಿದ್ದು, ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಕೂಲಿ ಸಿಗುತ್ತದೆಂದು ಇತ್ತ ಬಂದರು. ಸೆಲ್ವಿ ಹುಟ್ಟಿದ್ದು ಭದ್ರಾವತಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಈಗಿಲ್ಲ.

ಜನವರಿಯಲ್ಲಿ ಅವಳಿಗೆ ಜಿಲ್ಲಾ ಪೊಲೀಸ್ ಕಚೇರಿಯಿಂದ ಒಂದು ನೋಟಿಸು ಬಂತು. ಮೂವತ್ತು ದಿನದೊಳಗೆ ಭಾರತದ ಪ್ರಜೆ ಎಂಬುದಕ್ಕೆ ದಾಖಲೆ ತೋರಿಸಬೇಕು, ಇಲ್ಲವಾದರೆ ತಮಿಳುನಾಡಿನ ನಿರಾಶ್ರಿತರ ಶಿಬಿರಕ್ಕೆ ಹೋಗಿ ಹಾಜರಾಗಬೇಕು ಎಂದಿತ್ತು. ನಾವು ರೈಲು ಹತ್ತಿದ ದಿನಕ್ಕೆ ಅದರಲ್ಲಿ ಒಂಬತ್ತು ದಿನ ಉಳಿದಿತ್ತು. ರಾಜ್ಯಸಭೆಯ ಸದಸ್ಯೆಯೊಬ್ಬರು, ಹಿಂದೆ ವಕೀಲರಾಗಿದ್ದವರು, ಆಶ್ರಯ ಕೇಳಿ ಬಂದವರಿಗಾಗಿ ಹೊಸ ಮಸೂದೆ ಬರೆಯುತ್ತಿದ್ದಾರೆ, ಶಿವಮೊಗ್ಗದಲ್ಲಿ ಅಹವಾಲು ಕೇಳುತ್ತಾರೆ ಎಂದು ಪೇಪರಿನಲ್ಲಿ ಓದಿದ್ದೆ. ದೊಡ್ಡವರ ಕೈಯಿಂದ ಒಂದು ಶಿಫಾರಸು ಪತ್ರ ಇಸಕೊಂಡರೆ ಕೆಲಸ ಸಲೀಸು ಎಂದು ನನ್ನ ಲೆಕ್ಕ.

ರೈಲಿನಲ್ಲಿ ಸೆಲ್ವಿಗೆ ಪಾಠ ಹೇಳಿಕೊಟ್ಟೆ. "ನೋಡು, ಯಾವೂರು ಅಂದ್ರೆ ಭದ್ರಾವತಿ ಅನ್ನು. ಅದಕ್ಕೂ ಹಿಂದಿಂದು ಕೇಳಿದ್ರೆ ತಿರುಚಿ ಕಡೆ ಅನ್ನು. ನಿರಾಶ್ರಿತರು ಅನ್ನೋ ಮಾತು ಬಾಯಿಂದ ಬರಬಾರದು."

"ಫೈಲಲ್ಲೇ ಇದೆಯಲ್ಲ ಅಕ್ಕ, ಅಪ್ಪನ ಶಿಬಿರದ ಕಾರ್ಡು."

"ಅದನ್ನ ಕೆಳಗೆ ಇಡು. ಟಿಸಿ ಮೇಲಿಡು."

ಟಿಸಿ ಎಂದರೆ ಅವಳ ಶಾಲೆಯ ವರ್ಗಾವಣೆ ಪತ್ರ. ಅದರಲ್ಲಿ ಹುಟ್ಟಿದ ಸ್ಥಳ ಭದ್ರಾವತಿ, ಹುಟ್ಟಿದ ದಿನ ೧-೬-೧೯೮೭ ಎಂದು ಮೇಷ್ಟ್ರು ದುಂಡಗೆ ಬರೆದಿದ್ದರು. ನನಗೆ ಅದೇ ಬ್ರಹ್ಮಾಸ್ತ್ರವಾಗಿ ಕಂಡಿತ್ತು.

ಶಿವಮೊಗ್ಗ ಮುಟ್ಟಿದಾಗ ಹನ್ನೊಂದೂವರೆ. ಸ್ಟೇಷನ್ನಿನ ಬಾಗಿಲಲ್ಲೇ ನಿಂತ ಆಟೋದವರು ಎಂಬತ್ತು ಎಂದರು. ಐವತ್ತು ಹೆಜ್ಜೆ ನಡೆದು ರಸ್ತೆಗೆ ಬಂದೆವು, ಅದೇ ದೂರಕ್ಕೆ ಇನ್ನೊಬ್ಬ ಐವತ್ತಕ್ಕೆ ಒಪ್ಪಿದ. ಈ ಐವತ್ತು ಹೆಜ್ಜೆ ಎಲ್ಲ ಊರಲ್ಲೂ ನಡೆಯುತ್ತದೆ, ನೆನಪಿಟ್ಟುಕೊಳ್ಳಿ. ನೆಹರೂ ರಸ್ತೆಯ ಹಿಂದಿನ ಬೀದಿಯ ಸಮುದಾಯ ಭವನದಲ್ಲಿ ಸಭೆ. ಅರವತ್ತು ಎಪ್ಪತ್ತು ಪ್ಲಾಸ್ಟಿಕ್ ಕುರ್ಚಿ, ನಲವತ್ತು ಜನ. ನಮ್ಮ ಮುಂದೆ ಸ್ವೆಟರ್ ಮಾರುವ ಟಿಬೆಟಿನ ಹೆಂಗಸೊಬ್ಬಳು ಕೂತಿದ್ದಳು. ನಮಗಿಂತ ಚೆನ್ನಾಗಿ ಕನ್ನಡದಲ್ಲಿ ಚೌಕಾಸಿ ಮಾಡಬಲ್ಲೆನೆಂದು ನಕ್ಕಳು. ನಾನು ಪರೀಕ್ಷಿಸಲು ಹೋಗಲಿಲ್ಲ.

ರಾಜ್ಯಸಭೆಯ ಮೇಡಂ ಅರವತ್ತರ ಹೆಂಗಸು. ಹತ್ತಿ ಸೀರೆ, ಕನ್ನಡಕ ಮೂಗಿನ ತುದಿಯಲ್ಲಿ. ವೇದಿಕೆ ಹತ್ತದೆ ಕೆಳಗೇ ಒಂದು ಮೇಜು ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆದು ತಮ್ಮ ಕೈಯಲ್ಲೇ ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಿದ್ದರು. ನಮ್ಮ ಸರದಿ ಬಂದಾಗ ಒಂದು ಗಂಟೆ.

"ಯಾವೂರಮ್ಮ?" ಎಂದರು ಸೆಲ್ವಿಯನ್ನು.

"ಭದ್ರಾವತಿ ಮೇಡಂ, ಮೂಲ ತಿರುಚಿ ಕಡೆ" ಎಂದೆ ನಾನು.

ಮೇಡಂ ಕನ್ನಡಕದ ಮೇಲಿನಿಂದ ನೋಡಿದರು. "ನಿಮ್ಮನ್ನ ಕೇಳ್ಲಿಲ್ವಲ್ಲಮ್ಮ. ಇವರಿಗೆ ಬಾಯಿ ಇದೆ ತಾನೇ?"

ಹಿಂದೆ ಕೂತವರು ನಕ್ಕರು. ಸೆಲ್ವಿ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಫೈಲಿನ ಕೆಳಗಿದ್ದ ಕಾರ್ಡನ್ನು ಎಳೆದು ಮೇಜಿನ ಮೇಲಿಟ್ಟು, "ನಮ್ಮಪ್ಪ ಅಮ್ಮ ಲಂಕೆಯಿಂದ ಬಂದೋರು ಮೇಡಂ. ನಿರಾಶ್ರಿತರು. ನಾನು ಇಲ್ಲಿ ಹುಟ್ಟಿದವಳು" ಎಂದಳು. ನನ್ನ ಪಾಠವೆಲ್ಲ ಬೀರೂರಿನಲ್ಲೇ ಇಳಿದುಹೋಗಿತ್ತು.

ನಾನು ಬಿಡದೆ ಟಿಸಿಯನ್ನು ಮುಂದೆ ತಳ್ಳಿದೆ. ಮೇಡಂ ಓದಿದರು, ಮುಗುಳ್ನಕ್ಕರು, ತಲೆ ಎತ್ತಿ ಇಡೀ ಸಭೆಗೆ ಕೇಳುವಂತೆ, "ಇಲ್ಲಿ ಜೂನ್ ಒಂದನೇ ತಾರೀಕು ಹುಟ್ಟಿದೋರು ಯಾರ್ಯಾರು ಇದ್ದೀರಿ, ಕೈ ಎತ್ತಿ" ಎಂದರು. ಹದಿನೈದಕ್ಕೂ ಹೆಚ್ಚು ಕೈ ಮೇಲೆದ್ದವು. ಟೀ ಹಂಚುತ್ತಿದ್ದವನು ತಟ್ಟೆ ಇಟ್ಟು ಕೈ ಎತ್ತಿದ. ಮೇಡಂ ತಾವೂ ಎತ್ತಿದರು. ವಿಧಿಯಿಲ್ಲದೆ ನಾನೂ ಎತ್ತಿದೆ.

"ನೋಡಿದ್ರಾ? ಇದು ಹುಟ್ಟಿದ ದಿನ ಅಲ್ಲ, ಮೇಷ್ಟ್ರು ಕೊಟ್ಟ ದಿನ. ಶಾಲೆ ಶುರುವಾಗೋ ದಿನಕ್ಕೆ ವಯಸ್ಸು ಸರಿಹೋಗಲಿ ಅಂತ ಬರೆದಿದ್ದು."

ಆಮೇಲೆ ಅವರು ಹೇಳಿದ ಕಾನೂನು ಇಷ್ಟು. ೧೯೮೭ರ ಜುಲೈ ಒಂದಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು, ಅಪ್ಪ ಅಮ್ಮ ಎಲ್ಲಿಯವರೇ ಆಗಿರಲಿ, ಹುಟ್ಟಿನಿಂದಲೇ ಈ ದೇಶದ ಪ್ರಜೆಗಳು. ಆ ದಿನದಿಂದಾಚೆಗೆ ಹುಟ್ಟಿದವರಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು.

"ಹಾಗಾದ್ರೆ ಜೂನ್ ಒಂದು ಸಾಕಲ್ಲ ಮೇಡಂ, ಪೂರ್ತಿ ಒಂದು ತಿಂಗಳು ಮುಂಚೆ ಇದೆ" ಎಂದೆ. "ನೀವೊಂದು ಪತ್ರ ಕೊಟ್ಬಿಟ್ರೆ…"

"ಪತ್ರ ಕೊಡ್ತೀನಿ. ಅಲ್ಲಿ ಕೂತಿರೋ ಅಧಿಕಾರಿನೂ ಜೂನ್ ಒಂದಕ್ಕೇ ಹುಟ್ಟಿರ್ತಾರಮ್ಮ. ಈ ಟಿಸಿ ನೋಡಿ ನಗ್ತಾರೆ, ಜೊತೆಗೆ ನನ್ನ ಪತ್ರ ನೋಡಿನೂ ನಗ್ತಾರೆ. ಭದ್ರಾವತಿಗೆ ಹೋಗಿ ನಗರಸಭೆಯ ಜನನ ರಿಜಿಸ್ಟರ್ ತೆಗೆಸಿ. ನಿಜವಾದ ತಾರೀಕು ತನ್ನಿ."

"ನಿಜವಾದದ್ದು ಜುಲೈ ಆಚೆಗಿದ್ರೆ?"

"ಆಗ ಇವರು ನನ್ನ ಪಟ್ಟಿಗೆ ಬರ್ತಾರೆ. ಅಂಥವರಿಗೇ ಈ ಮಸೂದೆ. ಆಶ್ರಯ ಕೇಳಿದೋರಿಗೆ ಒಂದು ಅರ್ಜಿ, ಅದನ್ನ ನೋಡೋಕೆ ಒಂದು ಕಚೇರಿ, ಉತ್ತರ ಕೊಡೋಕೆ ಒಂದು ಗಡುವು. ಉತ್ತರ ಬರೋವರೆಗೆ ಅವರನ್ನ ಎಲ್ಲಿಗೂ ಎತ್ತಂಗಡಿ ಮಾಡಬಾರದು, ದುಡಿಯೋಕೆ, ಮಕ್ಕಳನ್ನ ಓದಿಸೋಕೆ ಬಿಡಬೇಕು. ಇಷ್ಟೇ."

ವ್ಯಾಪಾರ ಮಾಡುವವಳಿಗೆ ಕೇಳದೆ ಇರಲಾಗಲಿಲ್ಲ. "ಇದು ಪಾಸಾಗುತ್ತಾ ಮೇಡಂ?"

"ಒಬ್ಬ ಸದಸ್ಯೆ ಸ್ವಂತವಾಗಿ ತರೋ ಮಸೂದೆ ಪಾಸಾಗೋದು ಅಪರೂಪ. ಆದ್ರೆ ಮಂತ್ರಿಗಳು ಎದ್ದು ನಿಂತು ಉತ್ತರ ಹೇಳ್ಬೇಕಾಗುತ್ತೆ. ಬರೀ ಕಾನೂನು ಓದಿದ್ರೆ ಯಾರೂ ಕೇಳೋಲ್ಲ. ಇಂಥ ಊರು, ಇಂಥ ಹೆಸರು ಅಂತ ಓದಿದ್ರೆ ಕೇಳ್ತಾರೆ. ಅದಕ್ಕೇ ಊರೂರು ಸುತ್ತುತ್ತಿರೋದು."

ಮೊದಲ ದಿನವೇ ಗಿರಾಕಿ ಮುಗಿಬೀಳುವುದಿಲ್ಲವೆಂದು ಗೊತ್ತಿದ್ದೂ ಬಾಗಿಲು ತೆರೆಯುವ ಧೈರ್ಯ ನನಗೆ ಗೊತ್ತು. ಹೆಂಗಸು ಗಟ್ಟಿ ಎನಿಸಿತು. ಪತ್ರ ಬೇಡವೆಂದು ಫೋನ್ ನಂಬರ್ ಇಸಕೊಂಡೆ. ಪತ್ರ ಒಂದು ಸಲ ಕೆಲಸ ಮಾಡುತ್ತದೆ, ನಂಬರ್ ಹಲವು ಸಲ.

ಊಟಕ್ಕೆ ಹತ್ತಿರದ ಹೋಟೆಲಿನಲ್ಲಿ ಅನ್ನ ಸಾರು ಪಲ್ಯ, ತೊಂಬತ್ತು ರೂಪಾಯಿ, ಎರಡನೇ ಸಲ ಅನ್ನಕ್ಕೆ ಮುಖ ಗಂಟಿಕ್ಕುವುದಿಲ್ಲ. ನಾನು ಮಾತ್ರ ಎರಡನೇ ಸಲ ಕೇಳಲಿಲ್ಲ. ಮೇಷ್ಟ್ರುಗಳ ಇನ್ನೊಂದು ಅಭ್ಯಾಸ ನನಗೆ ಗೊತ್ತಿತ್ತು. ವಯಸ್ಸು ಸಾಲದ ಮಗುವಿಗೆ ಆರು ತಿಂಗಳೋ ವರ್ಷವೋ ಕೂಡಿಸಿ ಒಂದನೇ ತರಗತಿಗೆ ಸೇರಿಸಿಕೊಂಡುಬಿಡುತ್ತಿದ್ದರು. ನನ್ನನ್ನು ಸೇರಿಸಿದ್ದೂ ಹಾಗೆಯೇ. ಸೆಲ್ವಿಗೂ ಹಾಗೆ ಕೂಡಿಸಿದ್ದರೆ ಅವಳು ನಿಜವಾಗಿ ಹುಟ್ಟಿದ್ದು ದೀಪಾವಳಿಗೋ ಮುಂದಿನ ಸಂಕ್ರಾಂತಿಗೋ. ರಿಜಿಸ್ಟರ್ ತೆಗೆಸಿದರೆ ಇರುವ ಜೂನ್ ಒಂದೂ ಹೋಯಿತು.

"ಸೆಲ್ವಿ, ನನ್ನ ಮಾತು ಕೇಳು. ರಿಜಿಸ್ಟರ್ ಸಹವಾಸ ಬೇಡ. ಒಳ್ಳೇ ಲಾಯರ್ ಹಿಡ್ದು ಈ ಟಿಸಿ ಮೇಲೇ ಗುದ್ದಾಡೋಣ."

ಅವಳು ಮಜ್ಜಿಗೆ ಕುಡಿದು ಲೋಟ ಇಟ್ಟಳು. "ಬಟ್ಟೆಗೆ ಟೇಪು ಹಿಡೀದೆ ಕಣ್ಣಳತೇಲಿ ಕತ್ತರಿಸಿದ್ರೆ ನೀವೇ ಬೈತೀರಲ್ಲ ಅಕ್ಕ. ನನ್ನ ಅಳತೆ ಮಾತ್ರ ಯಾಕೆ ಅಂದಾಜಲ್ಲಿ ಇರ್ಬೇಕು?"

ನನ್ನ ಮಾತಿಗೆ ತಿರುಗಿ ಉತ್ತರ ಕೊಟ್ಟವರು ಸಂತೆಯಲ್ಲೂ ಕಡಿಮೆ. ಎದ್ದೆವು.

ಭದ್ರಾವತಿಗೆ ಹದಿನೆಂಟು ಕಿಲೋಮೀಟರ್. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಆದರೆ ಗುರುತಿನ ಚೀಟಿ ತೋರಿಸಬೇಕು. ನಾನು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ಪಡೆದೆ. ಸೆಲ್ವಿಗೆ ಆಧಾರ್ ಇಲ್ಲ. "ಕರ್ನಾಟಕದೋರಾ?" ಎಂದ ಕಂಡಕ್ಟರ್.

"ಇಲ್ಲೇ ಹುಟ್ಟಿದವಳಪ್ಪ" ಎಂದೆ.

"ಹುಟ್ಟಿದ್ದನ್ನ ನಾನು ನೋಡಿದ್ನಾ ತಾಯಿ? ಕಾರ್ಡ್ ತೋರ್ಸಿ, ಫ್ರೀ. ಇಲ್ಲಾಂದ್ರೆ ದುಡ್ಡು."

ಜಗಳಕ್ಕೆ ನಾನು ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸುವಷ್ಟರಲ್ಲಿ ಸೆಲ್ವಿ ಚಿಲ್ಲರೆ ಕೊಟ್ಟು ಟಿಕೆಟ್ ತೆಗೆದುಕೊಂಡಳು. "ಯಾವಾಗ್ಲೂ ಕೊಟ್ಟೇ ಹೋಗೋದು ಅಕ್ಕ, ಬಿಡಿ." ಬಸ್ಸು ತುಂಗೆಯ ಸೇತುವೆ ದಾಟಿತು. ಊರಾಚೆ ಸೋಗಾನೆಯ ಕಡೆಗೆ ವಿಮಾನವೊಂದು ಕೆಳಗಿಳಿಯುತ್ತಿತ್ತು. ಬಸ್ಸಿನವರೆಲ್ಲ ಬಗ್ಗಿ ನೋಡಿದರು, ಕಂಡಕ್ಟರನೂ.

ಭದ್ರಾವತಿ ಬಸ್ ಸ್ಟ್ಯಾಂಡಿಗೆ ಸೆಲ್ವಿಯ ತಮ್ಮ ಕುಮಾರ್ ಬಂದಿದ್ದ. ಅವಳಿಗಿಂತ ಎರಡು ವರ್ಷಕ್ಕೆ ಚಿಕ್ಕವನು, ವೆಲ್ಡಿಂಗ್ ಶಾಪಿನಲ್ಲಿ ಕೆಲಸ. ದಾರಿಯಲ್ಲೇ ಶಾಪು ಸಿಕ್ಕಿತು. ಒಳಗಿನಿಂದ ಮಾಲೀಕ, "ಡೇ ತಿರುಚಿ, ಅಕ್ಕ ಬಂದ್ರೆ ನಾಳೆ ರಜಾನಾ?" ಎಂದು ಕೂಗಿದ. ಅಲ್ಲಿ ಎಲ್ಲರಿಗೂ ಅವನು ತಿರುಚಿ ಕುಮಾರ್. ನಾನು ರೈಲಿನಲ್ಲಿ ಹೇಳಿಕೊಟ್ಟ ಪಾಠವನ್ನು ಅವನು ಇಪ್ಪತ್ತು ವರ್ಷದಿಂದ ಯಾರೂ ಹೇಳಿಕೊಡದೆ ಒಪ್ಪಿಸುತ್ತ ಬಂದಿದ್ದ.

ಕಾಗದನಗರದ ಪಕ್ಕದ ಓಣಿಯ ಅವನ ಮನೆಯಲ್ಲಿ ಉಳಿದೆವು. ಸಭೆಯಲ್ಲಿ ಅಕ್ಕ ಆಡಿದ ಮಾತನ್ನು ನಾನು ಹೇಳಿದಾಗ ಅವನ ಮುಖ ಸಪ್ಪಗಾಯಿತು. "ಅಷ್ಟು ಜನರ ಮುಂದೆ ಹೇಳ್ಬಿಟ್ಯಾ? ಶಾಪಿಗೆ ಗೊತ್ತಾದ್ರೆ ನನ್ನ ಕತೆ ಏನು?" ಸೆಲ್ವಿ ಅಕ್ಕಿ ಆರಿಸುತ್ತ ಕೂತಳು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಗೌರಮ್ಮಜ್ಜಿಯ ಮನೆಗೆ ಹೋದೆವು. ಅಜ್ಜಿಯ ಗಂಡ ಕಾರ್ಖಾನೆಯಲ್ಲಿ ಕಾಯಂ ನೌಕರರಾಗಿದ್ದವರು. ಆಗ ಪಕ್ಕದ ಮನೆಯಲ್ಲಿದ್ದ ಸೆಲ್ವಿಯ ಅಮ್ಮ ರಾಸಮ್ಮ ಹೆರಿಗೆಗೆ ಹೋದದ್ದು ಈ ಅಜ್ಜಿಯ ಕೈ ಹಿಡಿದುಕೊಂಡೇ. ಎಂಬತ್ತರ ಹತ್ತಿರದ ಮುದುಕಿ, ಬಾಯಿ ಮಾತ್ರ ಇಪ್ಪತ್ತರದು.

"ನೀನು ಹುಟ್ಟಿದ್ದಾ? ಮರೆಯೋಕಾಗುತ್ತೇನೇ ಮಾರಾಯ್ತಿ! ವರ್ಷತೊಡಕಿನ ದಿನ. ಯುಗಾದಿ ಮಾರನೇ ದಿನ. ಒಲೆ ಮೇಲೆ ಮಟನ್ ಕೊತ ಕೊತ ಅಂತಿದೆ, ನಿಮ್ಮಮ್ಮ ಬಾಗ್ಲಲ್ಲಿ ಬಂದು ಸೊಂಟ ಹಿಡ್ಕೊಂಡು ನಿಂತ್ಳು. ಒಲೆ ಆರ್ಸಿ ಆಸ್ಪತ್ರೆಗೆ ಓಡಿದ್ವಿ. ವಾಪಸ್ ಬರೋವಷ್ಟರಲ್ಲಿ ನಮ್ಮನೆಯೋರು ಅರ್ಧ ಬೆಂದ ಮಟನ್ನೇ ತಿಂದು ಮಲಗಿದ್ರು!"

ವರ್ಷತೊಡಕು ಎಂದರೆ ಮಾರ್ಚ್ ಕೊನೆ ಅಥವಾ ಏಪ್ರಿಲ್. ಜುಲೈಗೆ ಮೂರು ತಿಂಗಳು ಮೊದಲು! ನಾನು ಕುರ್ಚಿಯ ತುದಿಗೆ ಬಂದೆ. ಕುಮಾರ್ ಮಾತ್ರ ಬಾಗಿಲಲ್ಲಿ ನಿಂತವನು, "ಯಾವ ವರ್ಷದ್ದು ಅಜ್ಜಿ?" ಎಂದ. ಅದೇ ಪ್ರಶ್ನೆ. ಎಂಬತ್ತೇಳರ ಯುಗಾದಿಯಾದರೆ ಸೆಲ್ವಿ ಪ್ರಜೆ. ಮೇಷ್ಟ್ರು ಒಂದು ವರ್ಷ ಕೂಡಿಸಿದ್ದು, ನಿಜವಾದದ್ದು ಎಂಬತ್ತೆಂಟರ ಯುಗಾದಿ ಎಂದಾದರೆ ಶಿಬಿರ.

ಅಜ್ಜಿಗೆ ಇಸವಿ ನೆನಪಿಲ್ಲ. "ನನ್ನ ಮಗ ರವಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೀತಿದ್ದ ವರ್ಷ. ಮಗು ಅಳೋದಕ್ಕೆ ಓದೋಕಾಗಲ್ಲ ಅಂತ ದಿನಾ ಜಗಳ. ಆಮೇಲೆ ಗಣಿತದಲ್ಲಿ ಕಡಿಮೆ ಬಂದಿದ್ದಕ್ಕೆ ನಿನ್ನನ್ನೇ ಬೈದ."

"ಅಜ್ಜಿ, ಆ ಮಾರ್ಕ್ಸ್ ಕಾರ್ಡ್ ಇದೆಯಾ?" ಎಂದೆ.

ಕಬ್ಬಿಣದ ಟ್ರಂಕಿನಿಂದ ಅದು ಹೊರಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಸೆಲ್ವಿ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು ಒಂದೊಂದೇ ಕಾಗದ ಎತ್ತಿ ಕೊಡುತ್ತಿದ್ದಳು. ಕಾರ್ಡಿನ ಮೇಲೆ ಏಪ್ರಿಲ್ ೧೯೮೭ ಎಂದಿತ್ತು. ಗಣಿತದಲ್ಲಿ ಮೂವತ್ತೊಂಬತ್ತು.

ನಗರಸಭೆಯ ಜನನ ಮರಣ ವಿಭಾಗಕ್ಕೆ ಹನ್ನೊಂದು ಗಂಟೆಗೆ ಹೋಗಿ. ಹತ್ತಕ್ಕೆ ಹೋದರೆ ಬೀಗ, ಹನ್ನೆರಡಕ್ಕೆ ಹೋದರೆ ಸಾಲು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಮೊದಲು ಜೂನ್ ಪುಟ ತೆಗೆಯಲು ಹೋದಳು. ಬೇಡ, ಎಂಬತ್ತೇಳರ ಯುಗಾದಿ ಯಾವತ್ತಿತ್ತು ನೋಡಮ್ಮ ಎಂದೆ. ಅವಳು ಮೊಬೈಲಿನಲ್ಲಿ ನೋಡಿ, "ಮಾರ್ಚ್ ಮೂವತ್ತು" ಎಂದು, ಅಂಚು ಹರಿದ ಉದ್ದನೆಯ ರಿಜಿಸ್ಟರನ್ನು ಎರಡೂ ಕೈಯಲ್ಲಿ ಹೊತ್ತು ತಂದಳು.

"ಮಾರ್ಚ್ ಮೂವತ್ತೊಂದು. ಹೆಣ್ಣು. ತಾಯಿ ರಾಸಮ್ಮ" ಎಂದು ಓದಿದವಳು ಹುಬ್ಬು ಗಂಟಿಕ್ಕಿದಳು. "ಇಬ್ಬರು ರಾಸಮ್ಮ ಇದ್ದಾರಲ್ಲ ಮೇಡಂ, ಅದೇ ದಿನ. ಮಗು ಹೆಸರು ಎರಡಕ್ಕೂ ಇಲ್ಲ. ತಂದೆ ಹೆಸರಿನ ಜಾಗ ಎರಡರಲ್ಲೂ ಹುಳು ತಿಂದಿದೆ. ಇಬ್ಬರೂ ಕೂಲಿನೇ."

ಆಗಿನ ಭದ್ರಾವತಿಯ ಕೂಲಿ ಲೈನಿನಲ್ಲಿ ರಾಸಮ್ಮಂದಿರಿಗೇನು ಬರ? "ಕಾಯಂ ವಿಳಾಸ ಏನಿದೆ ನೋಡಮ್ಮ" ಎಂದವಳು ಸೆಲ್ವಿ.

ಕೌಂಟರಿನ ಹುಡುಗಿ ಬೆರಳಿಟ್ಟು ಓದಿದಳು. "ಒಂದು ಸೇಲಂ ಜಿಲ್ಲೆ. ಇನ್ನೊಂದು… ಶ್ರೀಲಂಕಾ, ನಿರಾಶ್ರಿತರು. ಬರೆಸಿದವರು ತಂದೆ. ಸಹಿ ತಮಿಳಲ್ಲಿದೆ."

ಸೆಲ್ವಿ ಕೌಂಟರಿನ ಮೇಲೆ ಬಗ್ಗಿದಳು. ನಿರಾಶ್ರಿತರ ಕಾರ್ಡಿನ ಮೇಲಿದ್ದ ಅಪ್ಪನ ಸಹಿಯನ್ನು ಪುಟದ ಪಕ್ಕ ಹಿಡಿದಳು. ಕೊನೆಯ ಅಕ್ಷರದ ಬಾಲ ಕೆಳಕ್ಕೆ ಸುತ್ತಿಕೊಂಡು ಬಂದದ್ದು ಎರಡರಲ್ಲೂ ಒಂದೇ. ನಾನು ಯಾವ ಮಾತನ್ನು ಮುಚ್ಚಿಡು ಎಂದಿದ್ದೆನೋ ಅದನ್ನು ಆ ಮನುಷ್ಯ ನೆಟ್ಟಗೆ ಬರೆಸಿ ಕೆಳಗೆ ಸಹಿ ಹಾಕಿದ್ದ. ಅದಿಲ್ಲದಿದ್ದರೆ ನಮ್ಮ ಹುಡುಗಿ ಸೇಲಂನವಳೋ ಯಾರೋ ಎಂದು ಹೇಳುವವರಿರಲಿಲ್ಲ. ನನ್ನ ಸಲಹೆಗಳಲ್ಲಿ ಒಂದನ್ನು ಅಂದು ವಾಪಸ್ ತೆಗೆದುಕೊಂಡಿದ್ದೇನೆ. ಓದುವವರು ಗಮನಿಸಬೇಕು, ನಾನು ಹಾಗೆ ಮಾಡುವುದು ಕಡಿಮೆ.

"ನಂದೂ ನೋಡಿ ಮೇಡಂ" ಎಂದ ಕುಮಾರ್, ಇದ್ದಕ್ಕಿದ್ದಂತೆ. "ಎಂಬತ್ತೊಂಬತ್ತು, ನವೆಂಬರ್." ಇನ್ನೊಂದು ರಿಜಿಸ್ಟರ್ ಬಂತು. ಅದೇ ಆಸ್ಪತ್ರೆ, ಅದೇ ರಾಸಮ್ಮ, ಅದೇ ವಿಳಾಸ, ಅದೇ ಸಹಿ. ಕೌಂಟರಿನ ಹುಡುಗಿ ಸಂತೋಷದಿಂದ, "ಇದಕ್ಕೂ ಕಾಪಿ ಬೇಕಾ ಸರ್?" ಎಂದಳು. ಅವನು ಪುಟವನ್ನೇ ನೋಡುತ್ತ, "ನನಗೆ ಅದರಿಂದ ಏನೂ ಆಗಲ್ಲ" ಎಂದ.

"ಎರಡಕ್ಕೂ ಕೊಡಮ್ಮ" ಎಂದೆ ನಾನು.

ಕಾಪಿ ನಾಳೆ ಎಂದರು. ನಾಳೆಯನ್ನು ಇವತ್ತು ಮಾಡಿಸುವುದು ಹೇಗೆಂದು ಕೇಳಿದರೆ, ನೋಟಿಸನ್ನು ಮೇಜಿನ ಮೇಲೆ ಬಿಡಿಸಿಟ್ಟು ಬೆಂಚಿನ ಮೇಲೆ ಕೂತುಬಿಡಬೇಕು, ಜೋರು ಮಾಡಬಾರದು. ಮೂರು ಗಂಟೆಗೆ ಮೊಹರು ಬಿದ್ದ ಎರಡು ಕಾಗದ ಕೈಗೆ ಬಂದವು. ಸೆಲ್ವಿಯ ಕಾಗದದ ಫೋಟೋ ತೆಗೆದು ಮೇಡಂಗೆ ಕಳಿಸಿದೆ.

ವಾಪಸ್ ರೈಲನ್ನು ಭದ್ರಾವತಿಯಲ್ಲೇ ಹಿಡಿದೆವು. ಪ್ಲಾಟ್‌ಫಾರ್ಮಿನಲ್ಲಿ ಕುಮಾರ್ ಅಕ್ಕನಿಗೆ ಕಡಲೆಕಾಯಿ ಪೊಟ್ಟಣ ತಂದುಕೊಟ್ಟ. ಒಂದೇ ಮನೆಯ ಇಬ್ಬರಲ್ಲಿ ಒಬ್ಬಳ ಕಾಗದ ಗೆದ್ದಾಗ ಏನು ಹೇಳಬೇಕೆಂದು ನನಗೂ ತಿಳಿಯಲಿಲ್ಲ. ಗಾಡಿ ಬಂದು ನಾವು ಹತ್ತಿದಾಗಲೇ ನನ್ನ ಫೋನ್ ಹೊಡೆದುಕೊಂಡಿತು. ಮೇಡಂ.

"ಫೋಟೋ ನೋಡ್ದೆ. ಇದು ನಿಲ್ಲುತ್ತೆ. ನಾಳೆನೇ ಉತ್ತರದ ಕರಡು ಕಳಿಸ್ತೀನಿ. ಇವರ ಹೆಸರು ನನ್ನ ಪಟ್ಟಿಯಿಂದ ಹೊಡೆದು ಹಾಕ್ತಿದ್ದೀನಿ, ಸಂತೋಷದಿಂದ."

ನಾನು ಅದನ್ನು ಹೇಳಿದ ಕೂಡಲೇ ಸೆಲ್ವಿ ಕಿಟಕಿಯ ಸೀಟಿನಿಂದ ಕೈ ಚಾಚಿ, "ಹೊಡೀಬೇಡಿ ಅನ್ನಿ ಅಕ್ಕ. ಆ ಜಾಗದಲ್ಲಿ ನನ್ನ ತಮ್ಮನ್ನ ಬರೀಲಿ" ಎಂದಳು. ನಾನು ಹೇಳಿದೆ.

"ಅವರೇ ಹೇಳಿದ್ರೆ ಬರೀತೀನಿ" ಎಂದರು ಮೇಡಂ. "ಇನ್ನೊಬ್ಬರ ಬಾಯಲ್ಲಿ ಬರ್ಕೊಳಲ್ಲ. ನಿಮಗೆ ನಿನ್ನೆನೇ ಹೇಳಿದ್ದೆ."

ನಾನು ಬಾಗಿಲಲ್ಲಿ ನಿಂತು ಫೋನನ್ನು ಕೆಳಗೆ ಕುಮಾರನ ಕಡೆಗೆ ಚಾಚಿದೆ. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಸುತ್ತ ನೋಡಿದ. ಶಾಪಿನ ಪರಿಚಯದವನೊಬ್ಬ ನಾಲ್ಕು ಮಾರು ದೂರದಲ್ಲಿ ಬೀಡಿ ಸೇದುತ್ತ ನಿಂತಿದ್ದ. ಗಾಡಿ ಸೀಟಿ ಹಾಕಿತು. ಕುಮಾರ್ ಫೋನ್ ತೆಗೆದುಕೊಂಡು ಕಿವಿಗೆ ಒತ್ತಿದ.

"ನಮಸ್ಕಾರ ಮೇಡಂ. ಕುಮಾರ್. ತಿರುಚಿ ಅಲ್ಲ ಮೇಡಂ, ಲಂಕೆ. ಅಪ್ಪ ಅಮ್ಮ ನಿರಾಶ್ರಿತರು… ಹೌದು, ಇಲ್ಲೇ ಭದ್ರಾವತಿಲೇ ಹುಟ್ಟಿದ್ದು. ಎರಡು ವರ್ಷ ತಡ ಆಗಿ ಹುಟ್ಟಿಬಿಟ್ಟೆ."

ಬೀಡಿಯವನು ತಿರುಗಿ ನೋಡಿದ. ಕುಮಾರ್ ದನಿ ತಗ್ಗಿಸಲಿಲ್ಲ. ಗಾಡಿ ಅಲುಗಿತು. "ಅಕ್ಕ, ನಿಮ್ಮ ಫೋನ್!" ಎಂದು ಸೆಲ್ವಿ ಕೂಗಿದಳು. ಅವನು ಬೆಚ್ಚಿ ಫೋನ್ ಕೈಯಲ್ಲಿ ಹಿಡಿದೇ ನಮ್ಮ ಬಾಗಿಲಿನ ಜೊತೆ ನಾಲ್ಕು ಹೆಜ್ಜೆ ಓಡಿದ. ಹದಿನೆಂಟು ಸಾವಿರದ್ದು, ಅದನ್ನೂ ಹದಿನಾರಕ್ಕೆ ಇಳಿಸಿ ತಂದ ಫೋನು.

"ಮಾತು ಮುಗಿಸಪ್ಪ ನೀನು!" ಎಂದು ಕೂಗಿದೆ.

ಅವನು ನಿಂತ. ಪ್ಲಾಟ್‌ಫಾರ್ಮಿನ ಕೊನೆ ದಾಟುವವರೆಗೂ ನಾವಿಬ್ಬರೂ ಹೊರಗೆ ಬಗ್ಗಿ ನೋಡುತ್ತಿದ್ದೆವು. ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ನನ್ನ ಫೋನಿಟ್ಟು, ಅವನು ಅತ್ತಿಂದಿತ್ತ ನಡೆಯುತ್ತ ಜೋರಾಗಿ ಹೇಳುತ್ತಲೇ ಇದ್ದ.